ಕಂಬ ತಂದ ಟೆಂಪೋ

ಬ್ಯಾಡಗಿಯ ಆ ಓಣಿಗೆ ಒಂದೇ ಬಾಯಿ. ಇನ್ನೊಂದು ತುದಿ ದೊಡ್ಡ ಗಟಾರಕ್ಕೆ ಹೋಗಿ ಮುಗಿಯುತ್ತದೆ. 2006ರ ಫೆಬ್ರುವರಿಯ ಒಂದು ಮಂಗಳವಾರ, ಮಧ್ಯಾಹ್ನ ಮೂರಕ್ಕೆ ನಿದ್ದೆಯಿಂದೆದ್ದು ಹೊರಬಂದ ಫಕ್ಕೀರೇಶನಿಗೆ ಆ ಬಾಯಿಯಲ್ಲಿ ಎರಡು ಕಬ್ಬಿಣದ ಕಂಬಗಳು ಕಂಡವು. ಸೊಂಟದೆತ್ತರ, ಬುಡದ ಕಾಂಕ್ರೀಟು ಇನ್ನೂ ಹಸಿ. ಅವು ಅವನಿಗೆ ಹೊಸವೇನಲ್ಲ. ಬೆಳಿಗ್ಗೆ ಹಾವೇರಿಯಿಂದ ಅವನ್ನು ಹೇರಿಕೊಂಡು ಬಂದು ಇಳಿಸಿದವನು ಅವನೇ. ಇಳಿಸಿದ ಮೇಲೆ ಟೆಂಪೋವನ್ನು ಓಣಿಯೊಳಗಿನ ತನ್ನ ಮನೆ ಮುಂದೆ ತಂದು ನಿಲ್ಲಿಸಿ, ಉಂಡು ಅಡ್ಡಾಗಿದ್ದ.

ಕಂಬ ಹುಗಿದ ಗೌಂಡಿ ಕರಬಸಪ್ಪ ಕರಣಿ ತೊಳೆಯುತ್ತಿದ್ದ.

“ಏ ಕರಬಸಣ್ಣಾ, ನನ್ನ ಗಾಡಿ ಒಳಗ ಐತಲ್ಲೋ!”

“ನಿದ್ದಿ ಆತೇನು? ಎರಡು ಸಲ ಕದಾ ಬಡದೇನಿ. ನಿನ್ನ ಗೊರಕಿ ಉತ್ತರಾ ಕೊಡ್ತು.”

“ನಡುವ ಎಷ್ಟು ಬಿಟ್ಟೀದಿ?”

“ಆರು ಅಡಿ. ಕಾರು ಹಾಯಬೇಕು, ಲಾರಿ ಹಾಯಬಾರದು. ಓಣಿ ಸಂಘದವರು ಹೇಳಿದ್ದು ಇಷ್ಟ. ತೆಗೀಬೇಕಂದ್ರ ಅಧ್ಯಕ್ಷರು ಗೋದೂಬಾಯಾರ ಹೇಳಬೇಕು.”

ಫಕ್ಕೀರೇಶನಿಗೆ ಟೇಪು ಬೇಕಿರಲಿಲ್ಲ. ಅವನ ಟೆಂಪೋದ ಬಾಡಿ ಆರು ಅಡಿ ನಾಲ್ಕು ಇಂಚು ಅಗಲ.

ಆ ಅಗಲ ಅವನೇ ಬೇಡಿ ಮಾಡಿಸಿಕೊಂಡದ್ದು. ಹದಿನಾರು ವರ್ಷಕ್ಕೆ ಲಾರಿಯ ಕ್ಲೀನರ್ ಆದವನು, ಮೂವತ್ತಕ್ಕೆ ಹಳೆಯ ಟೆಂಪೋ ಕೊಂಡ. ರಾಣೆಬೆನ್ನೂರಿನಲ್ಲಿ ಹೊಸ ಕಟ್ಟಿಗೆಯ ಬಾಡಿ ಕಟ್ಟಿಸುವಾಗ ಬಡಿಗೇರನ ಪಕ್ಕ ಮೂರು ದಿನ ಕುಳಿತು, ಎರಡೂ ಕಡೆ ನಾಲ್ಕು ನಾಲ್ಕು ಇಂಚು ಹೊರಚಾಚಿಸಿದ. ಅದರಿಂದ ಸಾಲಿಗೆ ಒಂದು ಚೀಲ ಹೆಚ್ಚು ಹಿಡಿಯಿತು. ಕುಪ್ಪೇಲೂರಿನ ಹನ್ನೊಂದು ಮನೆಗಳ ಮೆಣಸಿನಕಾಯಿ ಎಂಟು ವರ್ಷದಿಂದ ಬ್ಯಾಡಗಿ ಪೇಟೆಗೆ ಅವನ ಗಾಡಿಯಲ್ಲೇ ಬರುತ್ತಿತ್ತು. ಗುರುವಾರ ಪೇಟೆ. ಬುಧವಾರ ಸಂಜೆಯೊಳಗೆ ಕುಪ್ಪೇಲೂರಿಗೆ ಹೋಗಿ ಹೇರಬೇಕು. ಹೋಗದಿದ್ದರೆ ಇನ್ನೊಬ್ಬ ಟೆಂಪೋದವನಾದ ಮೈಲಪ್ಪ ತನ್ನ ಹೊಸ ಗಾಡಿ ತೆಗೆದುಕೊಂಡು ಹೋಗುತ್ತಾನೆ. ಒಮ್ಮೆ ಅವನು ಆ ಊರು ಹೊಕ್ಕರೆ ಮುಗಿಯಿತು, ಎಂಟು ವರ್ಷದ ದಾರಿ ಇನ್ನೊಬ್ಬನದಾಗುತ್ತದೆ.

ಸಂಘದ ಅಧ್ಯಕ್ಷೆ ಗೋದೂಬಾಯಿ ನಿವೃತ್ತ ಶಿಕ್ಷಕಿ. ಅವರು ರಾಣೆಬೆನ್ನೂರಿನ ಮಗಳ ಮನೆಯಿಂದ ಬರುವ ಹೊತ್ತಿಗೆ ಸಂಜೆ ಆರು. ಆಗ ಕಾಂಕ್ರೀಟಿನ ಮೇಲೆ ಉಗುರು ಇಳಿಯುತ್ತಿರಲಿಲ್ಲ.

“ಕಂಬಾ ಹಾಕಬೇಕಂತ ಬರದ ಅರ್ಜಿಯೊಳಗ ಮೂರನೇ ಸಹಿ ನಿಂದಪಾ,” ಎಂದರು ಅವರು, ಕನ್ನಡಕ ಏರಿಸಿ.

“ಅದು ದೊಡ್ಡ ಗಾಡಿ ಬ್ಯಾಡ ಅಂತ ಮಾಡಿದ್ದರಿ ಅಕ್ಕಾರ. ನಂದು ಬರೇ ಟೆಂಪೋ ಅಲ್ಲೇನ್ರಿ?”

“ಪುರಸಭೆಯವರು ಹಚ್ಚಿದ ಬೋರ್ಡ್ ಓದೀಯೋ ಇಲ್ಲೋ? ವಸತಿ ಓಣಿಯೊಳಗ ಸರಕಿನ ವಾಹನ ನಿಲ್ಲಿಸಬಾರದು ಅಂತ ಅದ. ಸಣ್ಣದು ದೊಡ್ಡದು ಅಂತ ಎಲ್ಲಿ ಅದ?”

ಇರಲಿಲ್ಲ. ಆ ಬೋರ್ಡಿನಿಂದ ಹತ್ತು ಹೆಜ್ಜೆಗೆ ಟೆಂಪೋ ನಿಂತಿತ್ತು. ಅದು ಅಲ್ಲಿ ನಿಲ್ಲುವಂತಿಲ್ಲ, ಅಲ್ಲಿಂದ ಹೊರಡುವಂತೆಯೂ ಇಲ್ಲ.

“ಒಂದ ಕಂಬಾ ಒಡೆದು ತೆಗಸ್ರಿ. ನಾಳೆ ನಾನ ಹುಗಸ್ತೇನ್ರಿ.”

“ಇವತ್ತ ನಿನಗ ಒಡೆದ್ರ ನಾಳೆ ಲಾರಿಯವರು ಬಂದು ನಮಗೂ ಒಡೀರಿ ಅಂತಾರ. ರವಿವಾರ ಸಭಾ ಅದ, ಅಲ್ಲಿ ಕೇಳು. ಮುಮ್ತಾಜಬಿ ಮೊಮ್ಮಗಳನ್ನ ಮರತಿಯೇನು?”

ಮರೆತಿರಲಿಲ್ಲ. ಹೊರಗಿನ ಲಾರಿಗಳು ಮೆಣಸಿನಕಾಯಿ ತುಂಬಿಕೊಂಡು ಬಂದು ಆ ಓಣಿಯಲ್ಲಿ ಎರಡೆರಡು ದಿನ ನಿಲ್ಲುತ್ತಿದ್ದವು. ಘಾಟಿಗೆ ಕೆಮ್ಮಿ ಕೆಮ್ಮಿ ತುಟಿ ನೀಲಿಯಾದ ಆ ಕೂಸನ್ನು ಆಸ್ಪತ್ರೆಗೆ ಒಯ್ದದ್ದು ಇದೇ ಟೆಂಪೋ. ಮರುದಿನವೇ ಅವನು ಸಹಿ ಹಾಕಿದ್ದ. ಈಗಲೂ ಕೇಳಿದರೆ ಹಾಕುವವನೇ. ಜಗಳ ತೆಗೆಯದೆ ಮನೆಗೆ ಹೋದ.

ಬುಧವಾರ ಬೆಳಿಗ್ಗೆ ಅವನು ಮೂರು ಸಲ ಕಂಬದವರೆಗೆ ನಡೆದು ಬಂದ. ಮೂರು ಸಲವೂ ಆರು ಅಡಿಯೇ ಇತ್ತು. ಓಣಿಯ ಅಂಗಡಿಯ ಫೋನಿಗೆ ಕುಪ್ಪೇಲೂರಿನಿಂದ ಅವನಿಗೆ ಕರೆ ಬಂತು: “ಬರ್ತೀಯೋ ಇಲ್ಲೋ? ಮೈಲಪ್ಪ ಕೇಳಾಕತ್ತಾನ.” ಬರುತ್ತೇನೆ ಎಂದುಬಿಟ್ಟ. ಹೇಗೆ ಎಂದು ತಿಳಿಯದೆ ಬಂದು ಕಟ್ಟೆಯ ಮೇಲೆ ಕುಳಿತ. ಅವನ ಹೆಂಡತಿ ಅರುಣಾ ರೊಟ್ಟಿಯ ತಾಟು ತಂದಿಟ್ಟಳು.

“ಗಾಡಿ ಅಗಲ ಐತ್ಯೋ, ಬಾಡಿ ಅಗಲ ಐತ್ಯೋ?”

“ಎರಡೂ ಒಂದ ಅಲ್ಲೇನ?”

“ಕಪಾಟ ಮನಿಯಾಗ ಬರಲಿಲ್ಲಂತ ಅದರ ಬಾಗಿಲಾ ಬಿಚ್ಚಿ ತಂದವರು ಯಾರು?”

ಫಕ್ಕೀರೇಶ ಕೈಯಲ್ಲಿದ್ದ ರೊಟ್ಟಿ ಬಿಟ್ಟೆದ್ದ. ಮುಂದಿನ ಕ್ಯಾಬಿನ್ ಅಳೆದ: ಐದು ಅಡಿ ಎಂಟು ಇಂಚು. ಬಾಡಿಯನ್ನು ಹಿಡಿದಿದ್ದವು ಹನ್ನೆರಡು ಬೋಲ್ಟು. ಎಂಟು ವರ್ಷದ ತುಕ್ಕಿಗೆ ಸೀಮೆಎಣ್ಣೆ ಹಾಕಿ ಬಿಚ್ಚುವಷ್ಟರಲ್ಲಿ ಎರಡು ಗಂಟೆ. ಇನ್ನು ಎತ್ತುವವರು ಬೇಕು. ಓಣಿಯ ಗಂಡಸರು, ಎಲ್ಲ ಅದೇ ಅರ್ಜಿಗೆ ಸಹಿ ಹಾಕಿದವರು, ಹದಿನಾಲ್ಕು ಜನ ಬಂದರು. ಗೋದೂಬಾಯಿ ಹೊಸ್ತಿಲಲ್ಲಿ ನಿಂತು ಮಕ್ಕಳ ಕವಾಯತಿಗೆ ಎಣಿಸುವಂತೆ ಎಣಿಸಿದರು.

“ಒಂದು, ಎರಡು, ಹಾಂ, ಎತ್ರಿ! ಕರಬಸಪ್ಪ, ನೀ ಬರೇ ಕೈ ಹಚ್ಚೀದಿ, ಎತ್ತಾಕತ್ತಿಲ್ಲ!”

ಬಾಡಿ ಹೆಗಲ ಮೇಲೆ ಕುಳಿತು ಕಂಬಗಳ ಮೇಲಿಂದ ದಾಟಿತು. ಬರಿಮೈಯ ಟೆಂಪೋ ಕನ್ನಡಿ ಮಡಚಿಕೊಂಡು, ಆಚೆ ಈಚೆ ಎರಡೆರಡು ಇಂಚು ಬಿಟ್ಟು ಹೊರಬಿತ್ತು. ನಾಲ್ಕೂವರೆಗೆ ಬೋಲ್ಟು ಬಿಗಿದು ಫಕ್ಕೀರೇಶ ಕುಪ್ಪೇಲೂರಿನ ದಾರಿ ಹಿಡಿದ. ಹನ್ನೊಂದು ಮನೆಯ ಚೀಲಗಳೂ ಅವನಿಗಾಗಿ ಬಾಗಿಲಲ್ಲೇ ಇದ್ದವು.

ಗುರುವಾರ ಪೇಟೆ ಮುಗಿದ ಮೇಲೆ ಅವನು ಅಭ್ಯಾಸದಿಂದ ಟೆಂಪೋವನ್ನು ಓಣಿಯವರೆಗೆ ತಂದ. ಕಂಬಗಳ ಮುಂದೆ ಬ್ರೇಕು ಹಾಕಿದ. ಮನೆಯ ಕಿಟಕಿ ಅಲ್ಲಿಂದಲೇ ಕಾಣುತ್ತಿತ್ತು. ಸ್ವಲ್ಪ ಹೊತ್ತು ನೋಡಿ, ಹಿಂದಕ್ಕೆ ತಿರುಗಿಸಿ, ಪೇಟೆಯಾಚೆ ಲಾರಿಗಳು ನಿಲ್ಲುವ ಬಯಲಿನಲ್ಲಿ ನಿಲ್ಲಿಸಿದ. ಎರಡು ಸಲ ಬೀಗ ಜಗ್ಗಿ ನೋಡಿ, ಒಂದೂವರೆ ಕಿಲೋಮೀಟರ್ ನಡೆದು ಬಂದ.

ಬಂದವನು ಕೈಕಾಲು ತೊಳೆಯುವ ಮೊದಲೇ ಬಕೀಟು ತುಂಬಿಸಿ ತಂದು ಕಂಬಗಳ ಬುಡಕ್ಕೆ ಸುರಿಯತೊಡಗಿದ. ಕಂಬ ತರುವ ಬಾಡಿಗೆ ಕೆಲಸ ಒಪ್ಪಿಕೊಂಡ ದಿನವೇ ನೀರು ಹಾಕುವುದನ್ನೂ ಒಪ್ಪಿಕೊಂಡಿದ್ದ.

“ನಿನ್ನ ಗಾಡೀನ ಹೊರಗ ಹಾಕಿದ ಕಂಬಕ್ಕ ನೀನ ನೀರ ಹಾಕ್ತೀಯಲ್ಲೋ!” ಎಂದರು ಗೋದೂಬಾಯಿ.

“ಏಳು ದಿನಾ ನೀರ ಬೇಕು ಅಂದಾನ್ರಿ ಕರಬಸಣ್ಣ,” ಎಂದ ಫಕ್ಕೀರೇಶ. “ಇನ್ನೂ ಎರಡ ಆಗ್ಯಾವ.”