ಬಾಟ್ಲಿ ಅಕ್ಕನ ಉಣ್ಣೆ ಕೋಟು

ನನ್ನ ನಾದಿನಿಯನ್ನು ನಮ್ಮ ಬೀದಿಯವರೆಲ್ಲ ಬಾಟ್ಲಿ ಅಕ್ಕ ಎಂದು ಕರೆಯುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರು ಈ ಹೆಸರು ಕೇಳಿ, ಅಯ್ಯೋ ಪಾಪ ಎನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ನಾನು ತಕ್ಷಣ ತಿದ್ದುವುದಿಲ್ಲ. ಅತ್ತಿಗೆಯಾದವಳಿಗೆ ಅಷ್ಟೂ ಹಕ್ಕಿಲ್ಲದಿದ್ದರೆ ಹೇಗೆ? ಆಮೇಲೆ ನಿಧಾನವಾಗಿ ವಿಷಯ ಹೇಳುತ್ತೇನೆ. ಅವಳಿಗೆ ಊರಿನ ನೀರು ಸರಬರಾಜು ಕಚೇರಿಯಲ್ಲಿ ಕೆಲಸ. ನಲ್ಲಿ, ಟ್ಯಾಂಕು, ಬೋರ್‌ವೆಲ್ ಎಂದು ಊರೆಲ್ಲ ಸುತ್ತಿ, ಬಾಟಲಿಗಳಲ್ಲಿ ನೀರು ಹಿಡಿದು ಲ್ಯಾಬಿಗೆ ಒಪ್ಪಿಸುತ್ತಾಳೆ.

ನಮ್ಮದು ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಎಂದರೆ ನಮ್ಮ ಯಜಮಾನರ ಡ್ರೈ ಕ್ಲೀನಿಂಗ್. ದುಂಡು ಗಾಜಿನ ಬಾಗಿಲಿನ ಯಂತ್ರ ಅವರದು, ಇಸ್ತ್ರಿ ಮೇಜು ನನ್ನದು. ಆ ಯಂತ್ರದಲ್ಲಿ ಬಟ್ಟೆ ತಿರುಗುವುದು ನೀರಿನಲ್ಲಲ್ಲ, ಪರ್ಕ್ ಎಂಬ ದ್ರವದಲ್ಲಿ. ನೋಡಲು ಥೇಟ್ ನೀರೇ, ವಾಸನೆ ಮಾತ್ರ ಒಂಥರಾ ಸಿಹಿ. ನಾದಿನಿ ಕೆಲಸಕ್ಕೆ ಸೇರಿದಾಗಿನಿಂದ ನಮ್ಮವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಅವಳು ನೀರು ಹಿಡಿಯಲು ಹೊರಡುವ ಹಿಂದಿನ ದಿನ ಅವಳ ಉಣ್ಣೆ ಕೋಟು ಆ ಯಂತ್ರಕ್ಕೆ ಹೋಗಲೇಬೇಕು.

"ಊರಿನ ನೀರು ಕಾಯೋಳು ನನ್ನ ತಂಗಿ. ಕೋಟಲ್ಲಿ ಒಂದು ಸುಕ್ಕು ಕಾಣಬಾರದು" ಎನ್ನುತ್ತಿದ್ದರು. ನನ್ನ ಕೋಟಿಗೆ ಈ ಭಾಗ್ಯ ಎಂದೂ ಬರಲಿಲ್ಲ, ಇರಲಿ.

ಲ್ಯಾಬಿಗೆ ಹೊಸ ಉಪಕರಣ ಬಂದ ದಿನ ನಾದಿನಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೆಟ್ಟಿಲು ಹತ್ತುತ್ತಲೇ ಮಾತು ಶುರು. ಇಷ್ಟು ದಿನ ನೀರಿನಲ್ಲಿ ಕ್ರಿಮಿ ಹುಡುಕುತ್ತಿದ್ದರಂತೆ, ಇನ್ನು ಕ್ಲೋರಿನ್ ಸೇರಿದ ವಿಷಗಳನ್ನೂ ಹುಡುಕಬಹುದಂತೆ.

"ಕ್ಲೋರಿನ್ನು ನಲ್ಲಿ ನೀರಿಗೆ ನೀವೇ ಹಾಕ್ತೀರಲ್ವೇನೇ?" ಎಂದೆ.

"ಅದು ಬೇರೆ ಅತ್ತಿಗೆ. ಅದು ಕ್ರಿಮಿ ಕೊಲ್ಲೋಕೆ. ಇವು ಜಿಡ್ಡು ತೆಗೆಯೋಕೆ ಅಂತ ಫ್ಯಾಕ್ಟರಿಲಿ ಮಾಡೋ ದ್ರವಗಳು. ಒಂದ್ಸಲ ನೆಲಕ್ಕಿಳಿದ್ರೆ ವರ್ಷಗಟ್ಟಲೆ ಹೋಗಲ್ಲ. ಲಿವರ್, ಕಿಡ್ನಿ ಕೆಡಿಸ್ತವೆ, ಕ್ಯಾನ್ಸರ್ ಭಯ ಬೇರೆ. ಕಣ್ಣಿಗೆ ಕಾಣಲ್ಲ, ಸ್ವಲ್ಪ ಇದ್ರೆ ನಾಲಿಗೆಗೂ ತಿಳಿಯಲ್ಲ."

ಇಂಥ ಭಯಂಕರ ವಿಷಯವನ್ನು ಅವಳು ಬಹುಮಾನ ಬಂದವಳಂತೆ ಹೇಳಿದಳು. ಆಮೇಲೆ ನನ್ನ ಅಡುಗೆಮನೆ ಹಿಡಿದುಕೊಂಡಳು. ಈ ಪರೀಕ್ಷೆಗೆ ಬೆರಳುದ್ದದ ಗಾಜಿನ ಬಾಟಲಿ. ಅದರೊಳಗೆ ಒಂದು ಗಾಳಿಗುಳ್ಳೆಯೂ ಉಳಿಯಬಾರದು, ಉಳಿದರೆ ವಿಷ ನೀರು ಬಿಟ್ಟು ಆ ಗುಳ್ಳೆಗೆ ಸೇರಿಬಿಡುತ್ತದೆ. ನೀರು ಬಾಯಿಯಿಂದ ಉಬ್ಬಿ ನಿಲ್ಲುವಷ್ಟು ತುಂಬಿಸಿ, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟುವಳು. ಗುಳ್ಳೆ ಕಂಡರೆ ಚೆಲ್ಲಿ ಮತ್ತೆ ಮೊದಲಿನಿಂದ. ನನ್ನ ಸಾರು ಒಲೆಯ ಮೇಲೆ ಸೀದುಹೋಯಿತು, ಅವಳಿಗೆ ಪರಿವೆಯೇ ಇಲ್ಲ.

ಮೊದಲ ಸುತ್ತಿನ ಫಲಿತಾಂಶ ಬಂದಾಗ ಊರೇ ಬೆಚ್ಚಿತು. ಶಾಲೆಯ ನಲ್ಲಿ, ಆಸ್ಪತ್ರೆಯ ಟ್ಯಾಂಕು, ಬಸ್ ನಿಲ್ದಾಣ, ಎಲ್ಲದರಲ್ಲೂ ವಿಷ. ಎಲ್ಲಕ್ಕಿಂತ ಹೆಚ್ಚು ನಮ್ಮ ಅಂಗಡಿ ಪಕ್ಕದ ಬೋರ್‌ವೆಲ್‌ನಲ್ಲಿ. ಅದೂ ಯಾವ ವಿಷ? ನಮ್ಮವರ ಪರ್ಕ್. ಇಡೀ ಬೀದಿ ಕುಡಿಯುವುದು ಆ ಬೋರ್‌ವೆಲ್ಲಿನ ನೀರನ್ನೇ. ನಾನು ಅಡುಗೆ ಮಾಡುವುದೂ ಅದರಲ್ಲೇ.

ಪಕ್ಕದ ಬೇಕರಿಯವರು ಬಾಗಿಲಲ್ಲಿ ನಿಂತು ಕೇಳಿದರು, "ಕುದಿಸಿ ಕುಡಿದ್ರೆ ಸಾಕಲ್ವಾ ಅಕ್ಕಾ?"

"ಕುದಿಸಿದ್ರೆ ಅದು ಮನೆಯೊಳಗಿನ ಗಾಳಿಗೆ ಬರುತ್ತೆ. ಕುಡಿಯೋದನ್ನ ಉಸಿರಾಡ್ತೀರಿ, ಅಷ್ಟೇ" ಎಂದಳು ನಾದಿನಿ. ಬೇಕರಿಯವರು ನಮ್ಮ ಯಂತ್ರದ ಕಡೆ ಒಂದು ನೋಟ ಹಾಕಿ ಹೋದರು. ಸಂಜೆಯೊಳಗೆ ಬೀದಿಯೆಲ್ಲ ಅದೇ ನೋಟ. ಕೊಟ್ಟ ಬಟ್ಟೆಯನ್ನು ಒಗೆಯುವ ಮೊದಲೇ ವಾಪಸು ಒಯ್ದವರೂ ಇದ್ದರು. ಅಂಗಡಿಗೆ ಬೀಗ ಬೀಳುವುದೊಂದೇ ಬಾಕಿ.

ಮರುದಿನ ಲ್ಯಾಬಿನ ಮೇಡಂ ಫೋನ್ ಮಾಡಿದರು. ದಾರಿಯಲ್ಲಿ ಬಾಟಲಿಗಳಿಗೆ ಹೊರಗಿನದೇನಾದರೂ ಸೇರಿತೇ ಎಂದು ತಿಳಿಯಲು ಪ್ರತಿ ಪೆಟ್ಟಿಗೆಯಲ್ಲೂ ಒಂದು ಸಾಕ್ಷಿ ಬಾಟಲಿ ಇರುತ್ತದಂತೆ. ಲ್ಯಾಬಿನಲ್ಲೇ ಶುದ್ಧ ನೀರು ತುಂಬಿ ಮುಚ್ಚಿದ್ದು, ಊರೆಲ್ಲ ಸುತ್ತಿ ಬಂದರೂ ಯಾರೂ ತೆರೆಯುವಂತಿಲ್ಲ. ಅದರಲ್ಲೂ ಪರ್ಕ್ ಸಿಕ್ಕಿತ್ತು.

"ಮುಚ್ಚಿದ ಬಾಟಲಿಗೆ ಎಲ್ಲಿಂದ ಬಂತು ಮೇಡಂ?" ಎನ್ನುತ್ತ ನಾದಿನಿ ಕೋಣೆಯೊಳಗೆ ಆ ಗೋಡೆಯಿಂದ ಈ ಗೋಡೆಗೆ ಓಡಾಡಿದಳು. ಇದ್ದಕ್ಕಿದ್ದಂತೆ ನಿಂತಳು. ಗೂಟದಿಂದ ಕೋಟು ಎಳೆದು ಮೂಗಿಗೆ ಹಿಡಿದಳು. ಮರುಕ್ಷಣ ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದಳು, ಹಿಂದೆ ನಾನು.

"ಅಣ್ಣಾ, ಕಳ್ಳ ಸಿಕ್ಕ. ನೀನು ಕ್ಲೀನ್ ಮಾಡಿದ ಕೋಟು. ಆಫೀಸ್ ವ್ಯಾನಲ್ಲಿ ಬಾಟಲಿ ಪೆಟ್ಟಿಗೆ ಮೇಲೇ ನೇತು ಹಾಕಿದ್ದೆ. ಕಿಟಕಿ ಎಲ್ಲ ಮುಚ್ಚಿತ್ತು. ಇದರ ಹಬೆ ಮುಚ್ಚಳದ ರಬ್ಬರ್ ದಾಟಿ ಒಳಗೆ ಹೋಗಿದೆ."

ನಮ್ಮವರು ಹಿಗ್ಗಿ ಹೀರೇಕಾಯಿಯಾದರು. ಬೀದಿಗಿಳಿದು ಕಂಡಕಂಡವರಿಗೆ ಕೋಟಿನ ಕಥೆ ಹೇಳಿದರು. ಬೇಕರಿಯವರು ನಕ್ಕರು, ನನಗೂ ಹೋದ ಜೀವ ಬಂದಂತಾಯಿತು. ನಾದಿನಿ ಮಾತ್ರ ಮತ್ತೆ ಬಾಟಲಿ ಜೋಡಿಸುತ್ತಿದ್ದಳು.

"ಇಲ್ಲಿಗೆ ಬಿಟ್ಟುಬಿಡೇ. ಎಲ್ಲ ಸರಿಹೋಯ್ತಲ್ಲ" ಎಂದೆ.

"ಲೆಕ್ಕ ತಪ್ಪು ಅಂತ ಗೊತ್ತಾಯ್ತು ಅತ್ತಿಗೆ. ನೀರು ಒಳ್ಳೇದು ಅಂತ ಗೊತ್ತಾಗಿಲ್ಲ."

ಸ್ವಂತ ಅಣ್ಣನ ಅಂಗಡಿ ಪಕ್ಕದ ನೀರು, ತಾನೊಬ್ಬಳೇ ಹಿಡಿಯಬಾರದೆಂದು ಮೇಡಮ್ಮನ್ನೇ ಜೊತೆಗೆ ಕರೆತಂದಳು. ಕೋಟಿನ ಬದಲು ಮನೆಯಲ್ಲೇ ಒಗೆದ ಹಳೆಯ ಸ್ವೆಟರ್ ಹಾಕಿಕೊಂಡು ಊರೆಲ್ಲ ಮತ್ತೆ ಸುತ್ತಿದಳು. ಫಲಿತಾಂಶ ಬರುವವರೆಗೆ ನಾನು ಇಸ್ತ್ರಿ ಮಾಡಿದ ಅಂಗಿಗಳ ಗತಿ ಕೇಳಬೇಡಿ.

ಫಲಿತಾಂಶ ಬಂದ ಮಧ್ಯಾಹ್ನ ನಮ್ಮವರು ಅಂಗಡಿಯಲ್ಲಿ ಬೇಕರಿಯವರ ಹತ್ತಿರ ನಗೆಚಾಟಿಕೆ ನಡೆಸಿದ್ದರು. ನಾದಿನಿ ಒಳಗೆ ಬಂದಳು. ಕೈಯಲ್ಲಿದ್ದ ಕಾಗದವನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟಳು.

"ಸಾಕ್ಷಿ ಬಾಟಲಿ?" ಎಂದು ನಾನೇ ಕೇಳಿದೆ.

"ಶುದ್ಧ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲ ಶುದ್ಧ." ಅಣ್ಣನ ಮುಖ ನೋಡಿದಳು. "ನಮ್ಮ ಬೋರ್‌ವೆಲ್ ಮಾತ್ರ ಶುದ್ಧ ಇಲ್ಲ ಅಣ್ಣ. ಪರ್ಕ್ ಮಿತಿ ದಾಟಿದೆ."

ನಮ್ಮವರು ಅಲ್ಲೇ ಸ್ಟೂಲಿನ ಮೇಲೆ ಕೂತರು. "ಒಂದು ಹನಿ ಪರ್ಕ್ ಹೊರಗೆ ಹಾಕಿಲ್ಲ ನಾನು. ದುಬಾರಿ ಮಾಲು, ಯಾರಾದ್ರೂ ಚೆಲ್ತಾರಾ?" ಎಂದರು. ಹಾಗೆನ್ನುತ್ತಿರುವಾಗಲೇ ಅವರ ಕಣ್ಣು ಹಿಂಬಾಗಿಲಿನ ಬಳಿಯ ಬಕೆಟ್ಟಿನ ಮೇಲೆ ಬಿತ್ತು. ಬಟ್ಟೆಯಲ್ಲಿದ್ದ ನೀರಿನ ಪಸೆಯೆಲ್ಲ ಯಂತ್ರದಲ್ಲಿ ಪರ್ಕಿನಿಂದ ಬೇರೆಯಾಗಿ ಬಕೆಟ್ಟಿಗೆ ಇಳಿಯುತ್ತದೆ. ತಿಳಿ ನೀರು. ಅದನ್ನು ದಿನವೂ ಹಿತ್ತಲಿನ ಮಣ್ಣಿಗೆ ಸುರಿಯುತ್ತಿದ್ದರು. ಹಿತ್ತಲ ಗೋಡೆಯ ಆಚೆಗೇ ಬೋರ್‌ವೆಲ್.

"ಅದು ನೀರೇ ಅಲ್ವಾ?" ಎಂದು ತಂಗಿಯನ್ನು ಕೇಳಿದರು.

"ನೀರೇ ಅಣ್ಣ. ಆದ್ರೆ ಪರ್ಕ್ ಜೊತೆ ಇದ್ದ ನೀರು. ಸ್ವಲ್ಪ ಅದರಲ್ಲೇ ಕರಗಿ ಉಳಿದಿರುತ್ತೆ. ದಿನಾ ಸ್ವಲ್ಪ ಸ್ವಲ್ಪ ಅಂದ್ರೆ..."

ಅವಳು ಮಾತು ಮುಗಿಸುವ ಮೊದಲೇ ನಮ್ಮವರು ಎದ್ದು ಯಂತ್ರದ ಸ್ವಿಚ್ ಆರಿಸಿದರು. ಬೇಕರಿಯವರ ಎದುರಿಗೇ, "ನನ್ನಿಂದಲೇ ಆಗಿದೆ. ಬೀದಿಯವರಿಗೆ ನಾನೇ ಹೇಳ್ತೀನಿ" ಎಂದರು. ನನಗೆ ಸಿಟ್ಟು, ಭಯ, ಅಳು ಎಲ್ಲ ಒಟ್ಟಿಗೆ ಬಂದವು. ಹೊರಗೆ ಹೊರಟವರ ಹಿಂದೆಯೇ ನಾನೂ ಹೊರಟೆ, ಒಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ.

ಬೈದವರು ಬೈದರು, ಬೈಯುವುದು ನ್ಯಾಯವೇ. ಆಮೇಲಿನ ಗಡಿಬಿಡಿ ಹೇಳತೀರದು. ಟ್ಯಾಂಕರ್ ಬಂತು, ನಗರದ ನೀರಿನ ಪೈಪಿಗೆ ರಸ್ತೆ ಅಗೆದರು, ಹಿತ್ತಲ ಮಣ್ಣು ಲಾರಿ ಹತ್ತಿತು. ಬೋರ್‌ವೆಲ್ಲಿಗೆ ಇದ್ದಿಲು ತುಂಬಿದ ದೊಡ್ಡ ಡ್ರಮ್ ಜೋಡಿಸಿ ನೆಲದಡಿಯ ನೀರನ್ನು ಸೋಸತೊಡಗಿದರು. ನಾದಿನಿ ಎಲ್ಲರ ಮಧ್ಯೆ ಬುಗುರಿಯಂತೆ ತಿರುಗುತ್ತ, "ಈಗಲೇ ಸಿಕ್ಕಿತಲ್ಲ, ಎಲ್ಲ ಬೋರ್‌ವೆಲ್‌ಗೂ ಹರಡೋ ಮೊದಲೇ ಸಿಕ್ಕಿತಲ್ಲ" ಎನ್ನುತ್ತಿದ್ದಳು. ಆ ಉತ್ಸಾಹ ನೋಡಿ ಬೇಕರಿಯವರು ಕೂಡ ಗುದ್ದಲಿ ಹಿಡಿದರು. ಪರ್ಕಿನ ಯಂತ್ರ ಹೋಯಿತು. ಈಗ ನಮ್ಮದು ನೀರು, ಸೋಪಿನಲ್ಲಿ ಒಗೆಯುವ ಅಂಗಡಿ.

ಡ್ರಮ್ ಹಾಕಿದ ಮೇಲಿನ ಮೊದಲ ಪರೀಕ್ಷೆಯ ಬೆಳಿಗ್ಗೆ ನಮ್ಮವರು ತಂಗಿಗೆ ಕೋಟು ತಂದುಕೊಟ್ಟರು. ನೋಡಿ ನಾನು ಹೌಹಾರಿದೆ. ಅಷ್ಟು ದೊಡ್ಡ ಕೋಟು ಮಗುವಿನ ಅಂಗಿಯಂತಾಗಿತ್ತು.

"ರೀ, ಬಿಸಿನೀರಿಗೆ ಹಾಕಿದ್ರಾ? ಉಣ್ಣೆ ಕುಗ್ಗುತ್ತೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು. ಪರ್ಕ್ ಒಂದು ಚೂರೂ ಉಳೀಬಾರದಿತ್ತು, ಅದಕ್ಕೆ."

ನಾದಿನಿ ಕೋಟನ್ನು ಮೂಸಿ ನೋಡಿದಳು. ಬರೀ ಸೋಪಿನ ವಾಸನೆ. ಉಸಿರು ಬಿಗಿಹಿಡಿದು ಅದರೊಳಗೆ ತೂರಿಕೊಂಡಳು. ತೋಳು ಮೊಣಕೈಗೇ ನಿಂತಿತು, ಗುಂಡಿ ಒಂದೂ ಕೂಡಲಿಲ್ಲ. ಹಾಗೆಯೇ ಬೀದಿಗಿಳಿದಳು. ಇಡೀ ಬೀದಿ ಬೋರ್‌ವೆಲ್ ಸುತ್ತ ನೆರೆದಿತ್ತು. ಅವಳು ಬಾಟಲಿ ತುಂಬಿಸಿ, ಮುಚ್ಚಿ, ತಲೆಕೆಳಗು ಮಾಡಿ ತಟ್ಟಿದಳು.

"ಗುಳ್ಳೆ ಇದೆಯಾ?" ಎಂದು ಅವಳ ಅಣ್ಣ ಮೆಲ್ಲಗೆ ಕೇಳಿದರು.

"ನೀನೇ ನೋಡು" ಎಂದು ಬಾಟಲಿಯನ್ನು ಅವರ ಕಣ್ಣಿನ ಮುಂದೆ ಹಿಡಿದಳು.