ಖಾಲಿ ಹುದ್ದೆಯ ಟೀಚರ್

ಮೊನ್ನೆ ಮಡಿಕೇರಿಗೆ ರಕ್ತಪರೀಕ್ಷೆಗೆ ಹೋಗಿದ್ದೆ. ಹಿಂದಿನ ದಿನ ನೆಂಟರ ಮನೆಯಲ್ಲಿ ಹೋಳಿಗೆ ತಿಂದದ್ದನ್ನು ಯಾರಿಗೂ ಹೇಳದೆ, ಪಥ್ಯದಲ್ಲಿರುವವಳ ಸಪ್ಪೆ ಮುಖ ಮಾಡಿಕೊಂಡು ತೋಳು ಚಾಚಿದೆ. ನರ್ಸ್ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಸೂಜಿ ಚುಚ್ಚಿದ್ದೂ ಗೊತ್ತಾಗಲಿಲ್ಲ. ನಮ್ಮ ಶಾಲೆಯ ಲ್ಯಾಬಿನ ವಾಸನೆ ಅದು.

"ರಿಪೋರ್ಟ್ ಸಿಗ್ಲಿಕ್ಕೆ ಸ್ವಲ್ಪ ಹೊತ್ತಾಗ್ತದೆ, ಹೊರಗೆ ಕೂತ್ಕೊಳ್ಳಿ ಅಮ್ಮ" ಎಂದಳು. ಬೆಂಚಿನ ಮೇಲೆ ಕೂತೆ. ನೀವೂ ಪಕ್ಕದಲ್ಲಿ ಕೂತಿದ್ದೀರಿ ಎಂದುಕೊಂಡು ಹೇಳುತ್ತೇನೆ.

ಸಂಪಾಜೆಯ ರಸ್ತೆಯಿಂದ ಮೇಲಕ್ಕೆ ಹತ್ತಿದರೆ ನಮ್ಮ ಹೈಸ್ಕೂಲು. ಅನುದಾನಿತ ಶಾಲೆ. ಕಟ್ಟಡ, ಬೆಂಚು, ಹಂಚು ಎಲ್ಲ ಊರಿನ ಸಮಿತಿಯದ್ದು. ಮೇಷ್ಟ್ರುಗಳ ಸಂಬಳ ಮಾತ್ರ ಸರ್ಕಾರದ್ದು. ನಾನು ಅಲ್ಲಿ ಕನ್ನಡ ಟೀಚರ್. ವಿಜ್ಞಾನದ ಹಿರಿಯ ಮೇಷ್ಟ್ರು ನಿವೃತ್ತರಾದಾಗ ಅವರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲು ಸಮಿತಿ ಅನುಮತಿ ಕೇಳಿತು. ಸದ್ಯಕ್ಕೆ ಹೊಸ ನೇಮಕಾತಿ ಇಲ್ಲ, ಆರ್ಥಿಕ ಮಿತವ್ಯಯ ಎಂದು ಉತ್ತರ ಬಂತು. ಮಿತವಾದ ವ್ಯಯ ಮಿತವ್ಯಯ, ಕರ್ಮಧಾರಯ ಸಮಾಸ ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಅದು ಸದ್ಗುಣ ಎಂದು ಮಕ್ಕಳಿಂದ ಪ್ರಬಂಧವನ್ನೂ ಬರೆಸಿದ್ದೆ. ಆ ಪದ ಒಂದು ದಿನ ನಮ್ಮ ಶಾಲೆಯನ್ನೇ ಹುಡುಕಿಕೊಂಡು ಬರುತ್ತದೆಂದು ನನಗೇನು ಗೊತ್ತು?

ಆಗ ಬಂದವಳು ದಮಯಂತಿ. ಹತ್ತಿರದ ಊರಿನ ಗೌಡರ ಮಗಳು, ಬಿ.ಎಸ್ಸಿ., ಬಿ.ಎಡ್. ಮಾಡಿದ್ದಳು. ಸಮಿತಿಯ ಅಧ್ಯಕ್ಷರು ಕಾಫಿ ತೋಟದವರು; ಅವರಿವರ ಹತ್ತಿರ ಕೇಳಿ ಅವಳಿಗೆ ಕೈಲಾದಷ್ಟು ಕೊಡುವ ಏರ್ಪಾಡು ಮಾಡಿದರು. "ಸರ್ಕಾರ ಇಂದಲ್ಲ ನಾಳೆ ಹುದ್ದೆ ತುಂಬಿಸ್ಲಿಕ್ಕೆ ಬಿಡ್ತದೆ ಮಗಾ. ಬಿಟ್ಟ ಕೂಡ್ಲೆ ಆ ಜಾಗ ನಿಂದೇ" ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ನಂಬಿಯೇ ಹೇಳಿದರು, ಅವಳು ನಂಬಿಯೇ ಕೇಳಿದಳು.

ಲ್ಯಾಬ್ ಎಂದೆನಲ್ಲ, ದೊಡ್ಡದೇನೂ ಅಲ್ಲ. ಸ್ಟಾಫ್ ರೂಮಿನ ಹಿಂದೆ ಒಂದು ಕೋಣೆ, ಗಾಜಿನ ಕಪಾಟು, ಸ್ಪಿರಿಟ್ ದೀಪ. ದಮಯಂತಿ ಬಂದ ಮೇಲೆ ಆ ಕೋಣೆಗೆ ಜೀವ ಬಂತು. ತೋಟದ ಕೂಲಿಯವರ ಲೈನುಮನೆಗಳಿಂದ ಬರುವ ಮಕ್ಕಳಿಗೆ, ಮನೆಯಲ್ಲಿ ತಮಿಳೋ ತುಳುವೋ ಮಲಯಾಳವೋ ಆಡುವವರಿಗೆ, ನನ್ನ ವ್ಯಾಕರಣ ಎಂದೂ ಒಗ್ಗಲಿಲ್ಲ. ಅದೇ ಮಕ್ಕಳು ಅವಳ ದೀಪದ ಸುತ್ತ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತಿತ್ತು ಅನ್ನಿ.

ಬಜೆಟ್ ಮಂಡನೆಯ ದಿನ ಮಾತ್ರ ಅವಳು ಸ್ಟಾಫ್ ರೂಮಿನಲ್ಲಿ ಕೂರುತ್ತಿರಲಿಲ್ಲ. ನಾವೆಲ್ಲ ಮೊಬೈಲಿಗೆ ಕಿವಿ ಕೊಟ್ಟು, ಅನುದಾನಿತ ಶಾಲೆ ಎಂಬ ಮಾತು ಬರುತ್ತದೆಯೋ ಎಂದು ಕಾಯುತ್ತಿದ್ದೆವು. ಆಮೇಲೆ ಬಾಗಿಲಲ್ಲಿ ಅವಳ ತಲೆ ಕಾಣುತ್ತಿತ್ತು. "ಎಂತ ಆಯ್ತಕ್ಕ?" ನಾನು ತಲೆ ಅಲ್ಲಾಡಿಸುತ್ತಿದ್ದೆ. "ಆಯ್ತು, ಬರುವ ವರ್ಷ ನೋಡುವ" ಎಂದು ಕ್ಲಾಸಿಗೆ ಹೋಗುತ್ತಿದ್ದಳು.

ಒಮ್ಮೆ ಇಲಾಖೆಯ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು. ನನ್ನ ಕ್ಲಾಸಿನಲ್ಲಿ ಆಕಳಿಸಿದವರು ದಮಯಂತಿಯ ಕ್ಲಾಸಿನಲ್ಲಿ ಗಂಟೆ ಹೊಡೆಯುವ ತನಕ ಕದಲಲಿಲ್ಲ. ಹೊರಗೆ ಬಂದು, "ತುಂಬ ಚೆನ್ನಾಗಿ ಪಾಠ ಮಾಡ್ತೀರಮ್ಮ. ಯಾವ ಹುದ್ದೆಯಲ್ಲಿದ್ದೀರಿ?" ಎಂದು ಕೇಳಿದರು.

"ಖಾಲಿ ಹುದ್ದೆಯಲ್ಲಿ ಸಾರ್" ಎಂದಳು ದಮಯಂತಿ.

ತಮಾಷೆಗೆ ಹೇಳಿದ್ದಲ್ಲ. ಕಾಗದದಲ್ಲಿ ಆ ಜಾಗ ಖಾಲಿ ಎಂದೇ ಇತ್ತು. ಅವಳು ದಿನವೂ ಅಲ್ಲಿ ನಿಂತು ಪಾಠ ಮಾಡುತ್ತಿದ್ದಳು. ಅಧಿಕಾರಿ, "ನಾನು ಬರೆದು ಕಳಿಸ್ತೇನೆ. ಹಣಕಾಸಿನವರು ಒಪ್ಪಬೇಕು" ಎಂದರು. ಒಪ್ಪಲಿಲ್ಲ.

ಹೀಗಿರುವಾಗ ಮಡಿಕೇರಿಯ ಒಂದು ಇಂಗ್ಲಿಷ್ ಶಾಲೆಯಿಂದ ಅವಳಿಗೆ ಕರೆ ಬಂತು. ಒಳ್ಳೆಯ ಸಂಬಳ, ಆದರೆ ಕೂಡಲೇ ಸೇರಬೇಕು. ಆಗ ಅರ್ಧ ವರ್ಷ ಕಳೆದಿತ್ತು. "ಹೋಗು ಮಾರಾಯ್ತಿ, ಇಲ್ಲಿ ಎಂತ ಉಂಟು?" ಎಂದೆ. "ಹತ್ತನೇ ಕ್ಲಾಸಿನವರಿಗೆ ಪಬ್ಲಿಕ್ ಪರೀಕ್ಷೆ ಅಲ್ವಾ ಅಕ್ಕ, ನಡುವಲ್ಲಿ ಬಿಟ್ಟು ಹೇಗೆ ಹೋಗುದು?" ಎಂದಳು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಆ ವರ್ಷದ ಮಕ್ಕಳೆಲ್ಲ ಪಾಸಾದರು. ಮಡಿಕೇರಿಯ ಜಾಗಕ್ಕೆ ಬೇರೊಬ್ಬರು ಬಂದಾಗಿತ್ತು. ಸರ್ಕಾರಿ ಕೆಲಸದ ಪರೀಕ್ಷೆ ಬರೆಯುವ ವಯಸ್ಸೂ ಕಾಯುತ್ತ ಕಾಯುತ್ತಲೇ ದಾಟಿತ್ತು.

ಮುಂದಿನದ್ದು ಬೇಗ ಬೇಗ ಆಯಿತು. ಗಣಿತದ ಮೇಷ್ಟ್ರು ನಿವೃತ್ತರಾದರು, ಆ ಜಾಗವೂ ಹಾಗೇ ಉಳಿಯಿತು. ಮೇಷ್ಟ್ರಿಲ್ಲದ ಶಾಲೆಗೆ ಯಾರು ಮಕ್ಕಳನ್ನು ಕಳಿಸುತ್ತಾರೆ? ಕೈಲಾದವರು ಇಂಗ್ಲಿಷ್ ಶಾಲೆಯ ವ್ಯಾನ್ ಹತ್ತಿಸಿದರು. ಮಕ್ಕಳು ಕಡಿಮೆಯಾದರೆಂದು ಇಲಾಖೆಯವರು ವಿಜ್ಞಾನದ ಹುದ್ದೆಯನ್ನೇ ತೆಗೆದುಹಾಕಿದರು. ಖಾಲಿಯಾದರೂ ಒಂದು ಜಾಗ ಇದೆ ಎಂಬ ಧೈರ್ಯ ಇತ್ತಲ್ಲ, ಅದೂ ಹೋಯಿತು.

ಅಧ್ಯಕ್ಷರು ಸ್ಟಾಫ್ ರೂಮಿಗೆ ಬಂದು ನಿಂತುಕೊಂಡೇ ಹೇಳಿದರು: "ನಿನ್ನನ್ನು ಕಾಯಿಸಿದ್ದು ನಾವು ಮಗಾ. ಇನ್ನು ಕಾಯು ಅಂತ ಹೇಳ್ಲಿಕ್ಕೆ ನಂಗೆ ಬಾಯಿಲ್ಲ." ಅವಳು ಅಳಲಿಲ್ಲ. ಪ್ರನಾಳಗಳನ್ನೆಲ್ಲ ತೊಳೆದು ಬೋರಲು ಹಾಕಿ, ಕಪಾಟಿಗೆ ಬೀಗ ಹಾಕಿ, ಬೀಗದ ಕೈಯನ್ನು ನನ್ನ ಕೈಗಿಟ್ಟಳು.

ಆಮೇಲೆ ವಿಜ್ಞಾನ ನನ್ನ ತಲೆಗೆ ಬಂತು. ನಗಬೇಡಿ. ಆಮ್ಲ ಎಂದರೆ ಹುಳಿ, ಜನಕ ಎಂದರೆ ತಂದೆ ಎಂದು ಆಮ್ಲಜನಕವನ್ನು ಬಿಡಿಸಿ ಹೇಳುವುದರಲ್ಲೇ ಅರ್ಧ ಪೀರಿಯಡ್ ಮುಗಿಸಿದೆ. ಹಿಂದಿನ ಬೆಂಚಿನ ಮಗುವೊಂದು, "ಟೀಚರ್, ಇದನ್ನು ಮಾಡಿ ತೋರಿಸುದಿಲ್ವಾ?" ಎಂದು ಕೇಳಿತು. ದೀಪ ಹೊತ್ತಿಸಲು ನನಗೆ ಹೆದರಿಕೆ. ನಾಳೆ ಎಂದೆ. ಆ ವರ್ಷ ಹತ್ತನೆಯ ಕ್ಲಾಸಿನಲ್ಲಿ ವಿಜ್ಞಾನದಲ್ಲಿ ಫೇಲಾದವರೇ ಹೆಚ್ಚು. ನಾನು ನಿವೃತ್ತಳಾದ ವರ್ಷವೇ ಶಾಲೆಗೂ ಬಾಗಿಲು ಬಿತ್ತು. ನನಗೆ ಹಾರವೂ ಪಿಂಚಣಿಯೂ ಸಿಕ್ಕಿದವು.

ಆಸ್ಪತ್ರೆಯ ಬೆಂಚಿನ ಮೇಲಿಂದಲೇ ದಮಯಂತಿಗೆ ಫೋನ್ ಮಾಡಿದೆ. ಈಗ ಬಾಳೆಲೆ ಎಂಬ ಊರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್ ಕೆಲಸ, ಆಳುಗಳ ಹಾಜರಿ ಹಾಕುವವಳು ಅವಳೇ. ಕಾಫಿ ಕೊಯ್ಯುವ ಪಿಕ್ಕಿಂಗ್ ಸಮಯ, ಗದ್ದಲದ ನಡುವೆ ಅವಳ ದನಿ ಕೇಳಿತು.

"ಹೇಗಿದ್ದೀ?" ಎಂದೆ.

"ಇದ್ದೇನೆ ಅಕ್ಕ. ಒಂದು ಸಂಗತಿ ಹೇಳ್ಬೇಕು ಅಂತ ಇತ್ತು. ಈ ಸಲ ಪಿಕ್ಕಿಂಗಿಗೆ ಹೊಸ ಆಳುಗಳು ಬಂದಿದ್ದಾರೆ. ಮೊನ್ನೆ ಬೆಳಿಗ್ಗೆ ಹೆಸರು ಕೂಗ್ತಾ ಇದ್ದೆ. ಒಬ್ಬಳು 'ಪ್ರೆಸೆಂಟ್ ಟೀಚರ್' ಅಂದ್ಳು."

"ನಮ್ಮ ಶಾಲೆಯವಳಾ?"

"ಹೌದು. ನಾ ಬಿಟ್ಟ ವರ್ಷ ಹತ್ತನೇ ಕ್ಲಾಸಲ್ಲಿ ಇದ್ದವಳು. ವಿಜ್ಞಾನ ಒಂದ್ರಲ್ಲಿ ಹೋಯ್ತಂತೆ."

"ನೀನು ಎಂತ ಹೇಳ್ದೆ?" ಎಂದೆ.

"ಎಂತ ಹೇಳುದಕ್ಕ? ತಲೆ ಎತ್ತಿ ನೋಡ್ಲಿಕ್ಕೆ ಧೈರ್ಯ ಬರ್ಲಿಲ್ಲ. ಮುಂದಿನ ಹೆಸರು ಕೂಗಿದೆ."

ಒಳಗಿನಿಂದ ನರ್ಸ್ ನನ್ನ ಹೆಸರು ಕೂಗಿದಳು. ಇನ್ನೊಮ್ಮೆ ಕೂಗಿದಳು. ನಾನು ಎದ್ದು ನಿಂತೆ. ಇದ್ದೇನೆ ಎನ್ನಲು ಬಾಯಿ ಬರಲಿಲ್ಲ.