ಭಾವನ ಬೊಜ್ಜಿಗೆ ಎರಡನೇ ದರ್ಜೆ

ಆಹಾ ಗೆಳೆಯರೇ, ಇಂದು ಚಳ್ಳಕೆರೆಯ ಆಸ್ಪತ್ರೆಯಲ್ಲಿ ಘೋರ ಸಮರ! ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ನಮ್ಮ ಭಾವನಿಗೆ ಅಂಗಡಿಯ ಗಾದಿಯಿಂದ ಏಳಲು ಇಬ್ಬರ ಕೈ ಬೇಕು. ತೂಕ ಇಳಿಸುವ ಆಪರೇಷನ್ ಆಗಲೇಬೇಕೆಂದು ಅಕ್ಕನನ್ನೂ ನನ್ನನ್ನೂ ಕರೆದೊಯ್ದಿದ್ದರು.

ಡಾಕ್ಟರು ಎತ್ತರ, ತೂಕ ಲೆಕ್ಕ ಹಾಕಿ, “ನಿಮ್ಮದು ಎರಡನೇ ದರ್ಜೆ ಬೊಜ್ಜು. ಜೊತೆಗೆ ಸಕ್ಕರೆ ಕಾಯಿಲೆಯಂಥದ್ದು ಇದ್ದರಷ್ಟೇ ಆಪರೇಷನ್” ಎಂದರು.

“ಐತೆ ಸಾರ್! ಮೂರು ವರ್ಷದಿಂದ ಕದ್ದು ಗುಳಿಗೆ ನುಂಗ್ತಿದೀನಿ!” ಭಾವ ಗೆದ್ದವರಂತೆ ಗುಡುಗಿದರು.

ಅಕ್ಕ ಎದ್ದು ನಿಂತಳು. “ಮೂರು ವರ್ಷಾನಾ? ಮತ್ತೆ ನಿನ್ನೆ ಏಳು ಹೋಳಿಗೆ ಬಡಿಸ್ಕಂಡ್ರಲ್ಲ, ಯಾರ ಹೊಟ್ಟೆಗೆ?”

ಡಾಕ್ಟರು ಆಪರೇಷನ್‌ಗೆ ಒಪ್ಪಿ, ಅದಕ್ಕೂ ಮುಂಚಿನ ಪಥ್ಯದ ಚೀಟಿಯನ್ನು ಅಕ್ಕನ ಕೈಗಿತ್ತರು.

ಕತ್ತರಿಗೆ ಅಂಜದ ಗಂಡುಗಲಿ ಭಾವ, ಅಕ್ಕನ ಪಕ್ಕದ ಸೀಟು ಖಾಲಿಯಿದ್ದರೂ ಊರಿನವರೆಗೂ ಬಸ್ಸಿನಲ್ಲಿ ನಿಂತೇ ಬಂದರು!